ಹುಡುಗಿ ಸೀರೆ ಕೇಳಿದ ಬುಧವಾರ

ಕರು ಹುಟ್ಟಿದೆ! ಹೆಣ್ಣು ಕರು!

ಇವತ್ತು ಬೆಳಿಗ್ಗೆ, ನಾನು ಬಾಗಿಲಿಗೆ ನೀರು ಹಾಕಿ ರಂಗೋಲಿಯ ಎರಡನೇ ಎಳೆ ಎಳೆಯುವ ಹೊತ್ತಿಗೆ, ಲಕ್ಕೂರಿನ ನಮ್ಮ ಕೊಟ್ಟಿಗೆಯಲ್ಲಿ ನಮ್ಮ ಗೌರಿ ಕರು ಹಾಕಿದಳು. ರಂಗೋಲಿ ಅಲ್ಲಿಗೇ ನಿಂತಿತು. ಇನ್ನೂ ಅರ್ಧವೇ ಇದೆ, ಯಾರು ಬೇಕಾದರೂ ಬಂದು ನೋಡಬಹುದು. ನನ್ನ ಸೊಸೆ ಸರೋಜ ಒಳಗಿನಿಂದ ಕೈಗೆ ಸಿಕ್ಕ ಹಳೆಯ ಹಸಿರು ಸೀರೆಯೊಂದನ್ನು ತಂದು ಕರುವಿನ ಮೈ ಒರೆಸಿದಳು. ಚಳಿಗೆ ನಡುಗುತ್ತಿದ್ದ ಕರು ಆ ಸೀರೆಯೊಳಗೆ ಸುತ್ತಿಕೊಂಡು, ಕಾಲು ಮಡಿಸಿ, ಶಿವಾರಪಟ್ಟಣದವರು ಕಲ್ಲಿನಲ್ಲಿ ಕಡೆದ ಬಸವಣ್ಣನ ಹಾಗೆ ಕೂತುಬಿಟ್ಟಿತು.

ಕರು ಹುಟ್ಟುವುದರಲ್ಲಿ ಏನು ವಿಶೇಷ ಎಂದು ಕೇಳಬೇಡಿ. ಗೌರಿ ಬೂದು ಬಣ್ಣದ ಹಳ್ಳಿಕಾರ್ ಹಸು. ಕರು ಕೆಂಪಗಿದೆ. ಹಣೆ ಉಬ್ಬಿದೆ, ಕಿವಿಗಳು ಸುರುಳಿ ಸುತ್ತಿದ ವೀಳ್ಯದೆಲೆಯ ಹಾಗೆ ಇಳಿಬಿದ್ದಿವೆ. ಗೀರ್ ತಳಿ. ಹೊತ್ತು ಹೆತ್ತವಳು ಗೌರಿ, ಆದರೆ ಮೊಟ್ಟೆ ಕೊಟ್ಟವಳು ಎಲ್ಲೋ ದೂರದ ಫಾರಂನಲ್ಲಿರುವ ಬೇರೆ ಹಸು. ಆ ಮೊಟ್ಟೆಯನ್ನು ಸೂಜಿಯಲ್ಲಿ ತೆಗೆದು, ಗಾಜಿನ ತಟ್ಟೆಯಲ್ಲಿ ಇಟ್ಟು, ಅದಕ್ಕೆ ಹೋರಿಯ ವೀರ್ಯ ಸೇರಿಸಿ, ಏಳು ದಿನ ಪೆಟ್ಟಿಗೆಯಲ್ಲಿ ಬೆಚ್ಚಗೆ ಕಾಪಾಡಿ, ಆಮೇಲೆ ಗೌರಿಯ ಗರ್ಭಕ್ಕೆ ಇಳಿಸಿದ್ದು ಯಾರು ಗೊತ್ತೆ? ನನ್ನ ಮೊಮ್ಮಗಳು ಪವಿತ್ರ! ಸರೋಜನ ಮಗಳು. ದನದ ಡಾಕ್ಟರು. ಪಕ್ಕದ ಮನೆಯವರು ಬಂದು, "ಏನ್ ರತ್ನಮ್ಮ, ಹಸುಗೆ ಯಾರ ಕರುನೋ ಹುಟ್ಟಿದೆಯಲ್ಲ" ಎಂದರು. "ಯಾರದೂ ಅಲ್ಲ ಕಣ್ರೀ, ನನ್ನ ಮೊಮ್ಮಗಳದ್ದು" ಎಂದೆ. ಹೇಳಿದ ಮೇಲೆ ಮಾತು ಸ್ವಲ್ಪ ವಿಚಿತ್ರವಾಯಿತು ಅನ್ನಿಸಿತು. ಆದರೂ ವಾಪಸ್ ತೆಗೆದುಕೊಳ್ಳಲಿಲ್ಲ.

ಪವಿತ್ರ ಬಹಳ ದಿನದಿಂದ ಕಾಡುತ್ತಿದ್ದಳು: "ಅಜ್ಜೀ, ನಮ್ಮ ಲ್ಯಾಬಿಗೆ ಹೊಸಬ್ರು ಬರ್ತಾವ್ರೆ. ಎಲ್ಲಾ ಪುಸ್ತಕ ಓದಿರೋರು. ನಿನ್ನ ಕಾಲದಲ್ಲಿ ಹೆಂಗಿತ್ತು ಅಂತ ಒಂದು ಬರ್ದುಕೊಡು." ನಾನು ಓದಿದ್ದು ಮೂರನೇ ಕ್ಲಾಸು. ಒತ್ತಕ್ಷರ ಬಂದರೆ ಈಗಲೂ ಕೈ ತಡೆಯುತ್ತದೆ. ಆದರೆ ಇವತ್ತು ಕೈ ನಿಲ್ಲುತ್ತಿಲ್ಲ. ಒಳಗೆ ಸರೋಜ ಗಿಣ್ಣು ಮಾಡಲು ಬೆಲ್ಲ ಕುಟ್ಟುತ್ತಿದ್ದಾಳೆ. ಊಟಕ್ಕೆ ಕರೆಯುವಷ್ಟರಲ್ಲಿ ಆದಷ್ಟು ಬರೆಯುತ್ತೇನೆ.

ನನ್ನ ಗಂಡ ಶ್ರೀನಿವಾಸಪುರದ ದನದ ಆಸ್ಪತ್ರೆಯಲ್ಲಿ ಅಟೆಂಡರ್ ಆಗಿದ್ದರು. ಎಪ್ಪತ್ತರ ದಶಕದಲ್ಲಿ ಜ್ವರ ಬಂದು ತೀರಿಕೊಂಡರು. ಆ ಕೆಲಸವನ್ನು ನನಗೆ ಕೊಟ್ಟರು. ಕೊಟ್ಟವರಿಗೆ ಕೈ ಮುಗಿಯುತ್ತೇನೆ. ಆದರೆ ಕೊಡುವಾಗ ಯಾರೂ ಯೋಚಿಸಿರಲಿಲ್ಲ, ಒಬ್ಬ ಹೆಂಗಸು ದನದ ಆಸ್ಪತ್ರೆಯಲ್ಲಿ ಏನು ಮಾಡುತ್ತಾಳೆ ಎಂದು. ಕಸ ಗುಡಿಸುವುದು, ಸೂಜಿ ಕುದಿಸುವುದು ಸರಿ. ಆದರೆ ಆಸ್ಪತ್ರೆಯಲ್ಲಿ ಅರ್ಧಕ್ಕರ್ಧ ಕೆಲಸ ಬೆದೆಗೆ ಬಂದ ಹಸುಗಳಿಗೆ ವೀರ್ಯದ ಇಂಜೆಕ್ಷನ್ ಹಾಕುವುದು. ಅದಕ್ಕೆ ಹಸುವಿನ ಬಾಲ ಎತ್ತಿ ಹಿಡಿಯಲು ಒಬ್ಬರು ಬೇಕು. ಆ ಒಬ್ಬರು ನಾನು. ಮೊದಲ ವಾರ ಹಸು ಹೊಡೆದುಕೊಂಡು ಬಂದ ಗಂಡಸರೆಲ್ಲ ಬೇರೆ ಕಡೆ ತಿರುಗಿ ನಿಲ್ಲುತ್ತಿದ್ದರು. ನಾನೂ ಸೆರಗನ್ನು ಹಲ್ಲಲ್ಲಿ ಕಚ್ಚಿಕೊಂಡು ಗೋಡೆ ನೋಡುತ್ತಿದ್ದೆ. ಯಾರೂ ಹಸುವನ್ನು ನೋಡುತ್ತಿರಲಿಲ್ಲ. ಒಂದು ದಿನ ಹಸು ಸರಿಯಾಗಿ ಒದ್ದಿತು. ಅವತ್ತಿನಿಂದ ಹಸುವನ್ನು ನೋಡಲು ಕಲಿತೆ.

ನಮ್ಮ ಡಾಕ್ಟರು ಸಂಗಪ್ಪನವರು, ಬಿಜಾಪುರದ ಕಡೆಯವರು. ಆರಡಿ ಎತ್ತರ, ದಪ್ಪ ಮೀಸೆ, ಮಗುವಿನ ಮನಸ್ಸು. ಮೊದಲ ದಿನವೇ ಹೇಳಿದರು: "ರತ್ನವ್ವ, ನಾಚಿಕಿ ಬ್ಯಾಡ. ಇದು ಹೆರಿಗಿ ಆಸ್ಪತ್ರಿ ಅಂತ ತಿಳ್ಕೋ. ಹೆರಿಗಿ ಆಸ್ಪತ್ರ್ಯಾಗ ಹೆಣ್ಮಕ್ಕಳು ಇರಬೇಕಲ್ಲ?"

ಆಗ ಈಗಿನ ಹಾಗೆ ಹೊಗೆಯಾಡುವ ನೈಟ್ರೋಜನ್ ಡಬ್ಬಿ ಇರಲಿಲ್ಲ. ವೀರ್ಯ ಕೋಲಾರದಿಂದ ಬರುತ್ತಿತ್ತು. ಗಾಜಿನ ಕೊಳವೆಯಲ್ಲಿ ಹಾಲಿನಂಥ ನೀರು, ಅದನ್ನು ಥರ್ಮಾಸ್ ಫ್ಲಾಸ್ಕಿನಲ್ಲಿ ಐಸ್ ನಡುವೆ ಇಟ್ಟು ಬೆಳಗಿನ ಬಸ್ಸಿಗೆ ಕೊಡುತ್ತಿದ್ದರು. ಕಂಡಕ್ಟರ್ ಅಶ್ವತ್ಥಪ್ಪ ಅದನ್ನು ತಂದು ಆಸ್ಪತ್ರೆಯ ಮುಂದೆ ಬಸ್ ನಿಲ್ಲಿಸಿ ನನ್ನ ಕೈಗೆ ಕೊಡುತ್ತಿದ್ದ. ಅಶ್ವತ್ಥಪ್ಪ ಒಳ್ಳೆಯ ಮನುಷ್ಯ. ಇಡೀ ತಾಲ್ಲೂಕಿನ ಮಾತು, ಮದುವೆ ಪತ್ರಿಕೆ, ಔಷಧಿ, ಮರೆತ ಕೊಡೆ ಎಲ್ಲವೂ ಅವನ ಬಸ್ಸಿನಲ್ಲೇ ಓಡಾಡುತ್ತಿದ್ದವು. ಆದರೆ ತಲುಪುವಾಗ ಯಾವುದೋ ಒಂದು ಚೂರು ದಾರಿಯಲ್ಲಿ ಉದುರಿರುತ್ತಿತ್ತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಒಂದು ದಿನ ಡಾಕ್ಟರು ಫ್ಲಾಸ್ಕ್ ಬಿಚ್ಚಿದರೆ ಬಿಸಿ ಕಾಫಿ. ಅಶ್ವತ್ಥಪ್ಪನ ಹೆಂಡತಿ ಕಟ್ಟಿಕೊಟ್ಟ ಕಾಫಿ ನಮಗೆ ಬಂದಿತ್ತು. ನಮ್ಮದು ಅವನ ಜೊತೆ ಮುಂದಿನ ಊರಿಗೆ ಹೋಗುತ್ತಿತ್ತು. ಡಾಕ್ಟರು ಮೋಟಾರ್‌ಸೈಕಲ್ ಹತ್ತಿ ಬಸ್ಸಿನ ಹಿಂದೆ ಓಡಿದರು. ಹಿಡಿಯುವ ಹೊತ್ತಿಗೆ ಅಶ್ವತ್ಥಪ್ಪ ಹೋಟೆಲಿನಲ್ಲಿ ಇಡ್ಲಿ ಮುಂದಿಟ್ಟುಕೊಂಡು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದನಂತೆ. "ಲೇ ಲೇ ಲೇ, ಕುಡೀಬ್ಯಾಡೋ! ಅದು ನಿನಗಲ್ಲೋ, ಹಸುವಿಗೋ!" ಎಂದು ಡಾಕ್ಟರು ಕೂಗಿದ್ದನ್ನು ಆ ಹೋಟೆಲಿನವರು ಬಹಳ ವರ್ಷ ಮರೆಯಲಿಲ್ಲ.

ಇನ್ನು ಭಾಷೆಯ ವಿಷಯ. ಶ್ರೀನಿವಾಸಪುರ, ಮುಳಬಾಗಿಲು ಕಡೆ ಮನೆಮನೆಯಲ್ಲೂ ತೆಲುಗು. ನಾನು ಹುಟ್ಟಿದ್ದು ಕೋಲಾರ ತಾಲ್ಲೂಕಿನ ಹುತ್ತೂರು ಕಡೆ, ನನಗೆ ಎರಡೂ ಬರುತ್ತಿತ್ತು. ಸಂಗಪ್ಪ ಡಾಕ್ಟರಿಗೆ ತೆಲುಗು ಒಂದಕ್ಷರ ಬಾರದು. ನಾನು ರಜೆ ಹಾಕಿದ್ದ ದಿನ ಬಸ್ ರಸ್ತೆಯ ಹಳ್ಳಿಯೊಂದರಿಂದ ಚಿನ್ನಕ್ಕ ಎಂಬಾಕೆಯ ಗಂಡ ಹಸು ತಂದಿದ್ದ. "ಆವು ಎದಕೊಚ್ಚಿಂದಿ ಸಾಮೀ" ಎಂದನಂತೆ. ತೆಲುಗಿನಲ್ಲಿ ಹಾಗೆಂದರೆ ಹಸು ಬೆದೆಗೆ ಬಂದಿದೆ ಎಂದರ್ಥ. ನಮ್ಮ ಡಾಕ್ಟರ ಕಿವಿಗೆ ಕೇಳಿಸಿದ್ದು 'ಎದೆ'.

"ಎದಿಗೆ ಬಂದೈತಾ? ಕೆಮ್ಮತೈತೇನು?"

ಅವನಿಗೆ ಕೆಮ್ಮು ಎಂದರೇನು ತಿಳಿಯದು. ದೊಡ್ಡವರು ಕೇಳುತ್ತಿದ್ದಾರೆ ಎಂದು "ಊಂ" ಅಂದ. ಡಾಕ್ಟರು ಹಸುವಿನ ಎದೆಗೆ ಕೊಳವೆ ಇಟ್ಟು ಎಡಗಡೆ ಕೇಳಿ, ಬಲಗಡೆ ಕೇಳಿ, ಕೆಮ್ಮಿನ ಪುಡಿ ಬೆಲ್ಲದಲ್ಲಿ ಕಲಸಿ ನೆಕ್ಕಿಸಲು ಹೇಳಿ ಕಳಿಸಿದರು. ಇಪ್ಪತ್ತೊಂದು ದಿನ ಆದ ಮೇಲೆ ಹಸು ಮತ್ತೆ ಬೆದೆಗೆ ಬಂತು. ಈ ಸಲ ಚಿನ್ನಕ್ಕ ಗಂಡನನ್ನು ಬಿಟ್ಟು ತಾನೇ ಹೊಡೆದುಕೊಂಡು ಬಂದಳು. ಸೊಂಟಕ್ಕೆ ಸೆರಗು ಸಿಕ್ಕಿಸಿ ನನ್ನ ಮುಂದೆ ನಿಂತು, "ಏಮಕ್ಕಾ, ಮೀ ಡಾಕ್ಟರು ಹಿಂದಲ ಕೆಲಸಕ್ಕೆ ಮುಂದಲ ಔಷಧಿ ಕೊಡ್ತಾರಾ?" ಎಂದಳು. ಕನ್ನಡ ತೆಲುಗು ಎರಡನ್ನೂ ಒಂದೇ ಬಾಣಲೆಯಲ್ಲಿ ಹುರಿದು ಕೊಡುವವಳು ಅವಳು. ನಾನು ಡಾಕ್ಟರಿಗೆ ಅರ್ಥ ಹೇಳಿದೆ. ಅವರು ಮೀಸೆ ಒಳಗೇ ನಕ್ಕರು. ಆಮೇಲೆ ಮುಖ ಗಂಭೀರವಾಯಿತು.

"ರತ್ನವ್ವ, ಒಂದು ವರ್ಷಕ್ಕ ಎಷ್ಟು ಹಸು ಹಿಂಗ ತಪ್ಪಿಸಿಕೊಂಡಾವೋ ಏನೋ. ಇನ್ಮ್ಯಾಲೆ ನೀನಽ ನನ್ನ ಕಿವಿ."

ಬೆಂಚನ್ನು ಬಾಗಿಲ ಹತ್ತಿರ ಹಾಕಿಸಿ ನನ್ನನ್ನು ಅಲ್ಲಿ ಕೂರಿಸಿದರು. ಆಗ ನನಗೆ ಗೊತ್ತಾಯಿತು, ಹಸು ಯಾವಾಗ ಕೂಗಿತು, ಯಾವಾಗ ಮೇವು ಬಿಟ್ಟಿತು, ಯಾವಾಗ ಲೋಳೆ ಹಾಕಿತು ಎಂಬುದು ಗಂಡಸರಿಗೆ ತಿಳಿಯದು. ಹಾಲು ಕರೆಯುವವರು, ಸಗಣಿ ಬಾಚುವವರು ಹೆಂಗಸರು. ಅವರಿಗೆ ಗಳಿಗೆ ಸಮೇತ ಗೊತ್ತು. ಆದರೆ ಗಂಡಸರ ಮುಂದೆ ಆ ಮಾತು ಆಡಲು ನಾಚಿಕೆ. ಚಿನ್ನಕ್ಕನೇ ಅದಕ್ಕೊಂದು ದಾರಿ ಮಾಡಿದಳು. ಆಸ್ಪತ್ರೆ ತುಂಬಾ ಜನ ಇದ್ದ ದಿನ ಬಾಗಿಲಲ್ಲಿ ನಿಂತು ಕಣ್ಣು ಮಿಟುಕಿಸಿ, "ರತ್ನಕ್ಕಾ, ಮಾ ಪಿಲ್ಲ ಚೀರ ಅಡುಗುತಾ ಉಂದಿ" ಎಂದಳು. ನಮ್ಮ ಹುಡುಗಿ ಸೀರೆ ಕೇಳುತ್ತಿದ್ದಾಳೆ ಎಂದು. ಹೊರಗೆ ನೋಡಿದರೆ ಹುಣಸೆಮರಕ್ಕೆ ಕಟ್ಟಿದ ಅವಳ ಹಸು ಕೂಗುತ್ತಿತ್ತು. ನನಗೆ ನಗು ತಡೆಯಲಿಲ್ಲ.

ಆ ಮಾತು ಹಳ್ಳಿಯಿಂದ ಹಳ್ಳಿಗೆ ಹಬ್ಬಿತು. "ಹುಡುಗಿ ಬೆಳಿಗ್ಗೆ ಕಸ ಗುಡಿಸೋವಾಗ ಸೀರೆ ಕೇಳಿದ್ಲು" ಎಂದರೆ ಅವತ್ತು ಸಂಜೆ ಇಂಜೆಕ್ಷನ್. "ದೀಪ ಹಚ್ಚೋವಾಗ ಕೇಳಿದ್ಲು" ಎಂದರೆ ಮರುದಿನ ಬೆಳಿಗ್ಗೆ. ನಾನು ಆಸ್ಪತ್ರೆಯ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಸುಣ್ಣದ ಬೊಟ್ಟು ಇಡುತ್ತಿದ್ದೆ. ಡಾಕ್ಟರಿಗೂ ಖುಷಿ. ಬೆಳಿಗ್ಗೆ ಬಂದವರೇ, "ರತ್ನವ್ವ, ಇವತ್ತ ಎಷ್ಟು ಮಂದಿ ಸೀರಿ ಕೇಳ್ಯಾರ?" ಎನ್ನುವರು. ಗಬ್ಬ ಕಟ್ಟುವ ಹಸುಗಳು ಹೆಚ್ಚಾದವು. ಹೆಂಗಸರು ಗಿಣ್ಣು ತಂದುಕೊಡುವರು. ನನ್ನ ಬಾಳಿನಲ್ಲಿ ಅಷ್ಟು ಸುಖದ ದಿನಗಳು ಕಡಿಮೆ.

ಡಾಕ್ಟರು ಹಸುವಿನ ಒಳಗೆ ಕೈ ಹಾಕಿ ನೋಡುವುದನ್ನೂ ನನಗೆ ಕಲಿಸಿದರು. ನಮ್ಮೂರ ಮಾವಿನ ಲೆಕ್ಕದಲ್ಲೇ ಹೇಳಿಕೊಟ್ಟರು. ಕರುವಿನ ಚೀಲ ಮೊದಮೊದಲು ಮಿಡಿಗಾಯಿ, ಆಮೇಲೆ ಉಪ್ಪಿನಕಾಯಿಗೆ ಹಾಕುವ ಕಾಯಿ, ಆಮೇಲೆ ಹಣ್ಣಾಗುವ ಕಾಯಿ. ಮೊಟ್ಟೆ ಬಿಡುವ ಅಂಡಾಶಯ ನೆಲ್ಲಿಕಾಯಿಯಷ್ಟು. ಬೆದೆ ಮುಗಿದ ಮೇಲೆ ಅದರ ಮೇಲೆ ಒಂದು ಗಂಟು ಏಳುತ್ತದೆ, ಹೆಂಗಸರ ತುರುಬಿನ ಹಾಗೆ. ಆ ತುರುಬು ಇದ್ದರೇನೇ ಗರ್ಭ ನಿಲ್ಲುವುದು. ಮೊದಲ ಸಲ ನನ್ನ ಬೆರಳಿಗೆ ಆ ತುರುಬು ಸಿಕ್ಕಾಗ ನಾನು ಅಳುತ್ತಾ ನಗುತ್ತಾ ನಿಂತಿದ್ದೆ. "ಕೈ ಹೊರಗ ತಗಿಯವ್ವ, ಹಸುವಿಗೆ ಬ್ಯಾಸರ ಆಗ್ತೈತಿ" ಎಂದರು ಡಾಕ್ಟರು.

ಥರ್ಮಾಸ್ ಹೋಗಿ ನೈಟ್ರೋಜನ್ ಡಬ್ಬಿ ಬಂತು. ಗಾಜಿನ ಕೊಳವೆ ಹೋಗಿ ಪೊರಕೆ ಕಡ್ಡಿಯಂಥ ಸ್ಟ್ರಾ ಬಂತು. ಒಳಗೆ ಹೆಪ್ಪುಗಟ್ಟಿದ ವೀರ್ಯ ಕರಗಲು ಅದನ್ನು ಬಿಸಿನೀರಿನಲ್ಲಿ ಅದ್ದಿ ನಾನು ಮೂವತ್ತು ಎಣಿಸುತ್ತಿದ್ದೆ. ಅವಸರ ಇದ್ದ ದಿನವೂ ಮೂವತ್ತೇ. ಮಂತ್ರಿಗಳು ಬಂದು ನಿಂತ ದಿನವೂ ಮೂವತ್ತೇ.

ಎಂಬತ್ತರ ದಶಕದ ಕೊನೆಗೆ ಒಂದು ಹೊಸ ಸುದ್ದಿ. ಮಾಲೂರಿನ ಹತ್ತಿರದ ಒಂದು ಫಾರಂಗೆ ಬೆಂಗಳೂರಿನಿಂದ ದೊಡ್ಡ ಡಾಕ್ಟರುಗಳ ತಂಡ ಬಂದಿದೆ, ಒಂದು ಒಳ್ಳೆಯ ಸೀಮೆ ಹಸುವಿಗೆ ಔಷಧಿ ಕೊಟ್ಟು ಒಂದೇ ಸಲಕ್ಕೆ ಹಲವು ಭ್ರೂಣ ಆಗುವಂತೆ ಮಾಡಿ, ಏಳನೇ ದಿನ ಅವನ್ನು ತೊಳೆದು ತೆಗೆದು, ಹಳ್ಳಿಯ ಹಸುಗಳ ಹೊಟ್ಟೆಯಲ್ಲಿ ಬೆಳೆಸುತ್ತಾರೆ ಎಂದು. ಆಗಿನ್ನೂ ಗಾಜಿನ ತಟ್ಟೆಯ ವಿದ್ಯೆ ನಮ್ಮ ಕಡೆ ಬಂದಿರಲಿಲ್ಲ. ಇದೇ ದೊಡ್ಡ ಪವಾಡ. ನಮ್ಮ ಡಾಕ್ಟರು ಹೇಗೋ ಕಾಡಿ ಬೇಡಿ ನಮ್ಮ ತಾಲ್ಲೂಕಿಗೂ ಒಂದು ಭ್ರೂಣ ಕೇಳಿಕೊಂಡರು. ಕೊಡುತ್ತೇವೆ, ಆದರೆ ಒಂದು ಷರತ್ತು ಎಂದರು ತಂಡದವರು. ಆ ಸೀಮೆ ಹಸು ಬೆದೆಗೆ ಬಂದ ದಿನವೇ ಹೊರುವ ಹಸುವೂ ಬೆದೆಗೆ ಬಂದಿರಬೇಕು. ಒಂದು ದಿನ ಆಚೆ ಈಚೆ ಆದರೂ ನಡೆದೀತು, ಅದಕ್ಕಿಂತ ಹೆಚ್ಚಾದರೆ ಗರ್ಭ ಆ ಭ್ರೂಣವನ್ನು ಹಿಡಿಯುವುದಿಲ್ಲ.

ನಾನು ಆರು ಮನೆ ಆರಿಸಿ ಹೇಳಿಟ್ಟೆ. ಮೊದಲನೆಯದು ಚಿನ್ನಕ್ಕನದು. ಅವಳ ಆ ಹಳೆಯ ಹಸುವಿನ ಮಗಳು, ಗಟ್ಟಿಮುಟ್ಟಾದ ಹಸು. ಬೇರೆ ಹಸುವಿನ ಕರುವನ್ನು ನಿನ್ನ ಹಸುವಿನ ಹೊಟ್ಟೆಗೆ ಹಾಕುತ್ತಾರೆ ಎಂದಾಗ ಅವಳು ಬೆರಗಾಗುತ್ತಾಳೆ ಎಂದುಕೊಂಡಿದ್ದೆ. "ಇದರಲ್ಲೇನೈತೆ ಅಕ್ಕಾ, ದೇವಕಿ ಹೊಟ್ಟೆ ಒಳಗಿದ್ದ ಬಲರಾಮನ್ನ ರೋಹಿಣಿ ಹೊಟ್ಟೆಗೆ ಹಾಕ್ಲಿಲ್ವಾ? ಆವಾಗ ಯಾವ ಜೀಪು ಬಂದಿತ್ತು?" ಎಂದಳು. ಆಮೇಲೆ ದನಿ ತಗ್ಗಿಸಿ, "ಹೆಣ್ಣು ಕರು ಆದ್ರೆ ನಮಗೇ ಅಲ್ವಾ?" ಎಂದು ಕೇಳಿದಳು. ನಿಮಗೇ ಎಂದು ಡಾಕ್ಟರು ಮಾತು ಕೊಟ್ಟರು. ಸೀಮೆ ಹಸುವಿನ ಹೆಣ್ಣು ಕರು! ಅವಳು ಅವತ್ತೇ ಕೊಟ್ಟಿಗೆಗೆ ಸುಣ್ಣ ಬಳಿದಳು.

ಒಂದು ಗುರುವಾರ ಮಾಲೂರಿನಿಂದ ಫೋನು ಬಂತು: ಸೀಮೆ ಹಸು ನಿನ್ನೆ, ಬುಧವಾರ, ಬೆದೆಗೆ ಬಂತು. ಅದೇ ಹೊತ್ತಿಗೆ ಬಸ್ಸಿನ ಮೆಟ್ಟಿಲ ಮೇಲಿನಿಂದ ಅಶ್ವತ್ಥಪ್ಪ ಕೂಗಿದ: "ರತ್ನಕ್ಕೋ! ಚಿನ್ನಕ್ಕ ಹೇಳವ್ಳೆ, ಹುಡುಗಿ ಬುಧವಾರ ಸೀರೆ ಕೇಳವ್ಳಂತೆ!"

ದೇವರೇ ಎರಡು ಹಸುಗಳನ್ನೂ ಒಂದೇ ದಿನಕ್ಕೆ ತಂದು ನಿಲ್ಲಿಸಿದ್ದಾನೆ! ಕ್ಯಾಲೆಂಡರಿನ ಬುಧವಾರಕ್ಕೆ ದೊಡ್ಡ ಸುಣ್ಣದ ಬೊಟ್ಟು ಇಟ್ಟೆ. ಮರಳಿ ಬರುವ ಬಸ್ಸಿನಲ್ಲಿ ಹೇಳಿ ಕಳಿಸಿದೆ: "ವಿಷಯ ತಿಳೀತು ಅಂತ ಹೇಳಪ್ಪಾ. ಮುಂದಿನ ಬುಧವಾರ ನಾವೇ ತಗೊಂಡು ಬರ್ತೀವಿ, ಸಿದ್ಧವಾಗಿರಲಿ."

ಮುಂದಿನ ಬುಧವಾರ ಮಾಲೂರಿನಿಂದ ಜೀಪು ಬಂತು. ತಂಡದ ದೊಡ್ಡ ಡಾಕ್ಟರು ಮುಂದೆ, ನಮ್ಮ ಡಾಕ್ಟರು ಪಕ್ಕದಲ್ಲಿ. ಹಿಂದೆ ನಾನು, ಮಡಿಲಲ್ಲಿ ಥರ್ಮಾಸ್. ಈ ಸಲ ಐಸ್ ಅಲ್ಲ, ಉಗುರುಬೆಚ್ಚಗಿನ ನೀರು, ಅದರಲ್ಲಿ ಪುಟ್ಟ ಸೀಸೆ, ಸೀಸೆಯಲ್ಲಿ ಕಣ್ಣಿಗೆ ಕಾಣದ ಒಂದು ಜೀವ. ಪ್ರತಿ ಗುಂಡಿಗೂ ನಾನು ಸೀಟಿನಿಂದ ಎದ್ದು ಥರ್ಮಾಸನ್ನು ಎತ್ತಿ ಹಿಡಿಯುತ್ತಿದ್ದೆ.

ಚಿನ್ನಕ್ಕನ ಮನೆ ಮುಂದೆ ಇಳಿದರೆ ತೋರಣ! ಜಗಲಿಗೆ ಜಮಖಾನ ಹಾಸಿದೆ. ನಮ್ಮ ಜೀಪು ನಿಂತದ್ದೇ ತಡ, ಅವಳ ಗಂಡ ಓಡಿ ಬಂದು ದೊಡ್ಡ ಡಾಕ್ಟರ ಕಾಲಿಗೆ ನೀರು ಕೊಟ್ಟ. ತಟ್ಟೆಯಲ್ಲಿ ಚಕ್ಕುಲಿ ಬಂತು. ಹಿಂದೆಯೇ ಅವಳ ಮಗಳು ಸರೋಜ ತಲೆ ತಗ್ಗಿಸಿ ಕಾಫಿ ಲೋಟಗಳನ್ನು ತಂದು ಮುಂದೆ ಹಿಡಿದಳು. ಮೈಮೇಲೆ ಅಮ್ಮನ ಬಣ್ಣ ಹೋದ ಸೀರೆ. ಕಣ್ಣು ಅತ್ತು ಕೆಂಪಾಗಿತ್ತು. ಒಂದು ಕರುವಿಗಾಗಿ ಇಷ್ಟು ಮರ್ಯಾದೆಯೇ ಎಂದು ದೊಡ್ಡ ಡಾಕ್ಟರಿಗೆ ಸಂತೋಷವಾಯಿತು. "ಹಳ್ಳಿ ಜನ ವಿಜ್ಞಾನಕ್ಕೆ ಎಷ್ಟು ಬೆಲೆ ಕೊಡ್ತಾರೆ ನೋಡಿ ಸಂಗಪ್ಪ" ಎಂದರು. ಚಿನ್ನಕ್ಕ ಎಲ್ಲಿ ಎಂದರೆ ಒಳಗೆ ಒಲೆ ಮುಂದೆ ಎಂದರು. ಹೊತ್ತಾಗುತ್ತದೆ ಎಂದು ನಾವು ನೇರ ಕೊಟ್ಟಿಗೆಗೆ ಹೋದೆವು.

ದೊಡ್ಡ ಡಾಕ್ಟರು ಕೈ ಹಾಕಿ ನೋಡಿದರು. "ತುರುಬು ಇದೆ, ಚೆನ್ನಾಗಿದೆ" ಎಂದರು. ನಮ್ಮ ಡಾಕ್ಟರ ಮಾತು ಅವರಿಗೂ ಅಂಟಿತ್ತು. ನಾನು ಬಾಲ ಹಿಡಿದೆ. ಸೀಸೆಯ ಜೀವ ನಳಿಗೆಗೆ ಏರಿತು, ನಳಿಗೆ ಒಳಗೆ ಹೋಯಿತು, ಖಾಲಿಯಾಗಿ ಹೊರಗೆ ಬಂತು. ಎಲ್ಲರೂ ಉಸಿರು ಬಿಟ್ಟೆವು.

ಅಷ್ಟರಲ್ಲಿ ಚಿನ್ನಕ್ಕ ಕೈ ಒರೆಸಿಕೊಳ್ಳುತ್ತಾ ಬಂದು ನನ್ನ ತೋಳು ಹಿಡಿದಳು.

"ರತ್ನಕ್ಕಾ, ಸೀರೆ ಎಲ್ಲಿ?"

"ಯಾವ ಸೀರೆ?"

"ಯಾವ ಸೀರೇನಾ? ನಮ್ಮ ಹುಡುಗಿ ಸೀರೆ! ಹುಡುಗಿ ಬುಧವಾರಕ್ಕೆ ಕೇಳವ್ಳೆ, ಕೋಲಾರದಿಂದ ಒಂದು ಹಸಿರು ಸೀರೆ ತರ್ಸಿಕೊಡು ಅಂತ ಅಶ್ವತ್ಥಪ್ಪನ ಕೈಲಿ ಹೇಳಿ ಕಳ್ಸಿದ್ನಲ್ಲ. ನಾವೇ ತಗೊಂಡು ಬರ್ತೀವಿ ಅಂದ್ಯಲ್ಲ. ಇವತ್ತು ಸರೋಜನ್ನ ನೋಡಕ್ಕೆ ಗಂಡಿನ ಕಡೆಯೋರು ಬರ್ತಾವ್ರೆ!"

ಬುಧವಾರಕ್ಕೆ! ಒಂದು 'ಕ್ಕೆ'. ಕೋಲಾರ, ಹಸಿರು ಬಣ್ಣದ ಜೊತೆ ಅದೂ ಬಸ್ಸಿನಲ್ಲಿ ಉದುರಿತ್ತು. ನನ್ನ ಕೈಯಿಂದ ಬಾಲ ಜಾರಿತು.

"ಹಾಗಾದ್ರೆ ಹಸು... ಹಸು ಯಾವತ್ತು ಕೇಳಿತ್ತು?"

"ಅದಾ? ನಾನು ಹೇಳಿ ಕಳ್ಸಿದ್ದಕ್ಕೆ ಮುಂಚಿನ ಭಾನುವಾರ. ಆಸ್ಪತ್ರೆಗೆ ರಜ ಅಲ್ವಾ, ಮುಂದಿನ ಸಲ ಹೇಳೋಣ ಅಂತ ಸುಮ್ಕಾದೆ. ಯಾಕಕ್ಕಾ, ಮೊಖ ಯಾಕೆ ಹಂಗಾಯ್ತು?"

ಆ ಭಾನುವಾರದಿಂದ ಸೀಮೆ ಹಸುವಿನ ಬುಧವಾರಕ್ಕೆ ಮೂರು ದಿನ. ಆ ಗಳಿಗೆಯಲ್ಲಿ ಎರಡು ದಾರಿ ಇದ್ದವು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಭ್ರೂಣ ನಿಲ್ಲಲಿಲ್ಲ ಎಂದು ಬರೆದುಕೊಂಡು ಹೋಗುತ್ತಿದ್ದರು, ಎಲ್ಲವೂ ನಿಲ್ಲುವುದಿಲ್ಲವಲ್ಲ. ಆದರೆ ನಮ್ಮ ಡಾಕ್ಟರು ಬಕೆಟ್ಟಿನಲ್ಲಿ ಕೈ ತೊಳೆಯುತ್ತಾ ಚಿನ್ನಕ್ಕನ ಹಸುವಿನ ಬೆನ್ನನ್ನು ಮಗುವಿನ ಬೆನ್ನಿನ ಹಾಗೆ ಸವರುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ.

ದೊಡ್ಡ ಡಾಕ್ಟರ ಮುಖ ಕೆಂಪಾಯಿತು. "ಸೀರೆಗೂ ಹಸುವಿಗೂ ಏನ್ರೀ ಸಂಬಂಧ? ಎಷ್ಟು ತಿಂಗಳ ಕೆಲಸ ಇದು ಗೊತ್ತಾ? ಈಯಮ್ಮನ್ನ ಯಾರ್ರೀ ಈ ಕೆಲಸಕ್ಕೆ ಇಟ್ಟಿದ್ದು?"

"ನಾನಽ ಸರ" ಎಂದರು ಸಂಗಪ್ಪ ಡಾಕ್ಟರು. "ಆ ಸೀರಿ ಮಾತು ನಡೆಯಾಕ ಬಿಟ್ಟಾಂವ ನಾನು. ದಿನಾ ಅದನ್ನ ಕೇಳಿ ನಕ್ಕಾಂವ ನಾನು. ತಾರೀಖು ಒಮ್ಮೆ ಬಂದು ನೋಡಬೇಕಿತ್ತು, ನೋಡಲಿಲ್ಲ. ಬರಿಯೂದಿದ್ರ ನನ್ನ ಹೆಸರಲೆ ಬರ್ಕೋರಿ. ಆಕಿ ಸುಮ್ನಿದ್ರ ನಿಮಗ ಗೊತ್ತಽ ಆಗ್ತಿರಲಿಲ್ಲ, ಅದನ್ನೂ ಬರ್ಕೋರಿ."

ಅಷ್ಟರಲ್ಲಿ ಹೊರಗೆ ಎತ್ತಿನ ಗಾಡಿ ನಿಂತ ಸದ್ದು. ನಿಜವಾದ ಗಂಡಿನ ಕಡೆಯವರು! ದೊಡ್ಡ ಡಾಕ್ಟರನ್ನು ಅವರ ಪೈಕಿ ಎಂದುಕೊಂಡೇ ಚಿನ್ನಕ್ಕನ ಗಂಡ ಉಪಚರಿಸಿದ್ದ. ಚಕ್ಕುಲಿ ಅರ್ಧ ಖಾಲಿ, ಕಾಫಿ ಮುಗಿದಿದೆ, ಜಮಖಾನದ ಮೇಲೆ ಬೂಟಿನ ಗುರುತು, ಕೊಟ್ಟಿಗೆಯಿಂದ ತೋಳುದ್ದ ಸಗಣಿ ಮೆತ್ತಿಕೊಂಡ ಡಾಕ್ಟರು ಹೊರಗೆ ಬರುತ್ತಿದ್ದಾರೆ. ಹುಡುಗನ ತಾಯಿ ಸರೋಜನ ಸೀರೆಯನ್ನು ಮೇಲಿನಿಂದ ಕೆಳಗೆ ನೋಡಿ, ಮೂಗಿಗೆ ಸೆರಗು ಹಿಡಿದು, "ಆಮೇಲೆ ತಿಳಿಸ್ತೀವಿ" ಎಂದಳು. ತಿಳಿಸಲಿಲ್ಲ.

ಹನ್ನೊಂದು ದಿನಕ್ಕೆ, ಭಾನುವಾರ, ಹಸು ಮತ್ತೆ ಬೆದೆಗೆ ಬಂತು. ಸೀಮೆ ಹಸುವಿನ ಕರು ಹೋಯಿತು. ಒಂದೇ ಬಾಯಿಮಾತಿನಲ್ಲಿ ಆ ಮನೆಯ ಕರುವನ್ನೂ ಕಳೆದಿದ್ದೆ, ಹುಡುಗಿಯ ಸಂಬಂಧವನ್ನೂ ಕಳೆದಿದ್ದೆ. ಕ್ಯಾಲೆಂಡರಿನ ಆ ದೊಡ್ಡ ಬೊಟ್ಟನ್ನು ಒದ್ದೆ ಬಟ್ಟೆಯಲ್ಲಿ ಉಜ್ಜಿದೆ. ಕಾಗದ ಹರಿಯಿತು, ಬೊಟ್ಟು ಹೋಗಲಿಲ್ಲ.

ಮರುವಾರ ಹಸಿರು ಸೀರೆ ಒಂದನ್ನು ಕೊಂಡು ಚಿನ್ನಕ್ಕನ ಮನೆಗೆ ಹೋದೆ. ಬೈಯಲಿ ಎಂದುಕೊಂಡೇ ಹೋದದ್ದು. ಅವಳು ಸೀರೆ ಬಿಡಿಸಿ ನೋಡಿ, "ಇದು ಪಿಲ್ಲಕಾ, ಆವುಕಾ?" ಎಂದಳು. ಹುಡುಗಿಗೋ, ಹಸುವಿಗೋ? ಅಷ್ಟೇ. ಇಬ್ಬರೂ ಬಾಯಿಗೆ ಸೆರಗು ಇಟ್ಟುಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕೆವು. ಒಳಗಿನಿಂದ ಸರೋಜ ಇಣುಕಿ, "ಅತ್ತೇ, ಆವತ್ತು ನೀವು ಜೀಪಿಂದ ಇಳಿಯೋವಾಗ ಥರ್ಮಾಸ್ ಹಿಡ್ಕೊಂಡಿದ್ರಲ್ಲ, ನಾನು ಅದರೊಳಗೇ ಸೀರೆ ಇರ್ಬೋದು ಅಂದ್ಕೊಂಡೆ" ಎಂದಳು. ಆ ಕಡೆ ಹೆಣ್ಣುಮಕ್ಕಳು ದೊಡ್ಡವರನ್ನೆಲ್ಲ ಅತ್ತೆ ಎನ್ನುವುದು ವಾಡಿಕೆ. ಆದರೆ ಆ 'ಅತ್ತೇ' ನನ್ನ ಕಿವಿಯಲ್ಲಿ ನಿಂತುಬಿಟ್ಟಿತು. ನನ್ನ ಮಗ ಆಗ ಮಾಲೂರಿನ ಹೆಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ವಿಚಾರಿಸಿದರೆ ದೂರದ ನಂಟೂ ಇತ್ತು. ಮುಂದಿನ ಮಾವಿನ ಕಾಲಕ್ಕೆ ಸರೋಜ ಅದೇ ಹಸಿರು ಸೀರೆಯಲ್ಲಿ ನಮ್ಮ ಮನೆ ತುಂಬಿದಳು. ಅಶ್ವತ್ಥಪ್ಪ ಮದುವೆಗೆ ಬಂದು, "ನಾನು ಆ 'ಕ್ಕೆ' ನುಂಗಿದ್ದಕ್ಕೇ ತಾನೇ ಈ ಮದುವೆ?" ಎಂದು ಎರಡು ಸಲ ಪಾಯಸ ಹಾಕಿಸಿಕೊಂಡ.

ಸಂಗಪ್ಪ ಡಾಕ್ಟರು ವರ್ಗವಾಗಿ ಹೋಗುವಾಗ ನನಗೆ ಹೇಳಿದ್ದು ಒಂದೇ ಮಾತು: "ರತ್ನವ್ವ, ಕರು ಹೋಗೂದು ದೊಡ್ಡದಲ್ಲ. ಹೇಳೂದು ದೊಡ್ಡದು." ಅವರು ಈಗಿಲ್ಲ. ಇವತ್ತು ಇದ್ದಿದ್ದರೆ! ಹೊಸದಾಗಿ ಈ ಕೆಲಸಕ್ಕೆ ಬರುವ ಮಕ್ಕಳೇ, ನಾನು ನಿಮಗೆ ಕೊಡಬಲ್ಲದ್ದೂ ಅಷ್ಟೇ. ನಿಮಗೆ ಮೈಕ್ರೋಸ್ಕೋಪು ಇದೆ, ಯಂತ್ರ ಇದೆ. ಆದರೂ ಹಸು ಯಾವತ್ತು ಬೆದೆಗೆ ಬಂತು ಎಂಬುದನ್ನು ಸಗಣಿ ಬಾಚುವ ಹೆಂಗಸನ್ನೇ ಕೇಳಿ. ಬಾಗಿಲಲ್ಲಿ ನಿಂತು ಕೇಳಬೇಡಿ, ಕೊಟ್ಟಿಗೆಗೆ ಹೋಗಿ ಕೇಳಿ. ಆಮೇಲೆ ಬರೆದುಕೊಳ್ಳಿ. ತಪ್ಪಾದರೆ ಕೈ ತೊಳೆಯುವ ಮೊದಲೇ ಹೇಳಿಬಿಡಿ.

ಹೋದ ವರ್ಷ ಪವಿತ್ರ ಬಂದು, "ಅಜ್ಜೀ, ಗೌರಿಗೆ ಒಂದು ಭ್ರೂಣ ಇಡೋಣ, ನೀನು ಬೆದೆ ದಿನ ಸರಿಯಾಗಿ ಹೇಳ್ಬೇಕು" ಎಂದಾಗ ನನ್ನ ಎದೆ ಹೊಡೆದುಕೊಂಡಿತು. ನಿಜವಾದ ಎದೆ. ಮತ್ತೆ ಕಳೆದರೆ ಎಂದು ಹೆದರಿಕೆ. ಹದಿನೈದು ದಿನ ಕೊಟ್ಟಿಗೆಯಲ್ಲೇ ಮಣೆ ಹಾಕಿಕೊಂಡು ಕೂತೆ. ಗೌರಿ ಕೂಗಿದಳು, ಮೇವು ಬಿಟ್ಟಳು, ಪಕ್ಕದ ಹಸು ಮೈಮೇಲೆ ಬಂದರೂ ಅಲುಗದೆ ನಿಂತಳು. ಫೋನು ತೆಗೆದು ಸೀರೆ ಗೀರೆ ಏನೂ ಹೇಳದೆ, ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ: "ಗೌರಿ ಬೆದೆಗೆ ಬಂದವ್ಳೆ! ಇವತ್ತು, ಸೋಮವಾರ! ಬೆಳಿಗ್ಗೆ ಕಸ ಗುಡಿಸೋ ಹೊತ್ತಿಗೆ! ನಾನೇ ಕಣ್ಣಾರೆ ನೋಡಿದೀನಿ!" ಅದೇ ಸೋಮವಾರ ಪವಿತ್ರ ತಟ್ಟೆಯಲ್ಲಿ ಮೊಟ್ಟೆ ವೀರ್ಯ ಕೂಡಿಸಿದಳು. ಮುಂದಿನ ಸೋಮವಾರ ಗೌರಿಗೆ ಇಳಿಸಿದಳು. ಬಾಲ ಹಿಡಿದದ್ದು ನಾನೇ. ಮುಂದಿನದು ನಿಮಗೆ ಗೊತ್ತಲ್ಲ.

ಇಲ್ಲಿಗೆ ಬರುವಷ್ಟರಲ್ಲಿ ಊಟಕ್ಕೆ ಕರೆದರು. ಎದ್ದು ಹೋಗಿ, ಉಂಡು ಬಂದು, ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ.

ನಡುಮನೆಯಲ್ಲಿ ಎಲ್ಲರೂ ಸಾಲಾಗಿ ಕೂತಿದ್ದೆವು. ನನ್ನ ಮಗ, ಸರೋಜ, ಪವಿತ್ರ, ಮತ್ತು ಸುದ್ದಿ ಕೇಳಿದ ಕೂಡಲೇ ಬಸ್ ಹತ್ತಿ ಬಂದ ನನ್ನ ಬೀಗಿತಿ ಚಿನ್ನಕ್ಕ. ಅವಳಿಗೆ ಈಗ ಸೊಂಟ ಬಾಗಿದೆ, ನಾಲಿಗೆ ಬಾಗಿಲ್ಲ. ಮುದ್ದೆ, ಅವರೆಕಾಳು ಸಾರು. ಕರು ಹೊಟ್ಟೆ ತುಂಬ ಕುಡಿದ ಮೇಲೆ ಉಳಿದ ಹಾಲಿನಲ್ಲಿ ಏಲಕ್ಕಿ ಹಾಕಿದ ಗಿಣ್ಣು. ಪವಿತ್ರ ಎರಡು ದಿನ ನಿದ್ದೆ ಇಲ್ಲದೆ ತೂಕಡಿಸುತ್ತಾ ತಿನ್ನುತ್ತಿದ್ದಳು. ಚಿನ್ನಕ್ಕ ಮೊದಲ ತುತ್ತನ್ನು ಬಾಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ನುಂಗಲಿಲ್ಲ. ಆಮೇಲೆ ಹಿತ್ತಲ ಬಾಗಿಲಿನಿಂದ ಕಾಣುವ ಕೊಟ್ಟಿಗೆಯ ಕಡೆ ಕಣ್ಣು ಕಿರಿದು ಮಾಡಿ ನೋಡಿದಳು.

"ಏಯ್ ಸರೋಜಾ, ಕರುಗೆ ಏನೇ ಹೊದ್ಸಿದೀಯ? ಅದು ನಿನ್ನ ಆ ಹಸಿರು ಸೀರೆ ಅಲ್ವೇನೇ?"

ಬಡಿಸಲು ಎದ್ದಿದ್ದ ಸರೋಜ ಸೌಟು ಹಿಡಿದೇ ಕೊಟ್ಟಿಗೆಯ ಕಡೆ ಬಗ್ಗಿ ನೋಡಿದಳು. ಬೆಳಗಿನ ಗಾಬರಿಯಲ್ಲಿ ಅದು ಯಾವ ಸೀರೆ ಎಂದು ಅವಳೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ಒಗೆದು ಒಗೆದು ಹತ್ತಿಯಂತಾದ ಅದೇ ಸೀರೆ.

"ಆಖರಿಕಿ ಆವುಕೇ ಚೇರಿಂದಿ!" ಎಂದಳು ಚಿನ್ನಕ್ಕ. ಕೊನೆಗೂ ಹಸುವಿಗೇ ಸೇರಿತು! ನನ್ನ ಕಡೆ ತಿರುಗಿ, "ರತ್ನಕ್ಕಾ, ಕೇಳಿದ ಸೀರೆ ಈಗ ಬಂತು ನೋಡು" ಎಂದು ತಟ್ಟೆ ಮುಂದೆ ಚಾಚಿದಳು. ಅವಳ ತಟ್ಟೆಗೆ ದೊಡ್ಡ ತುಂಡು ಗಿಣ್ಣು ನಾನೇ ಬಡಿಸಿದೆ.